ಐವತ್ತು ರೂಪಾಯಿಯ ಹುಣಸೆಬೀಜ

ಹುಣಸೆಬೀಜಕ್ಕೂ ಒಂದು ಬೆಲೆಯಿದೆಯೆಂದು ನನಗೆ ತಿಳಿದದ್ದು ಪುಣೆಗೆ ಬಂದ ಮೇಲೆ. ನಮ್ಮ ವೆಂಕಣ್ಣ ಕಾಕಾರ ಹೆಂಡತಿ, ನಾವೆಲ್ಲ ಕಾಕೂ ಎನ್ನುತ್ತಿದ್ದ ಆ ತಾಯಿ, ಹುಣಸೆಹಣ್ಣು ಬಿಡಿಸಿದಾಗಲೆಲ್ಲ ಬೀಜ ತೊಳೆದು, ಒಣಗಿಸಿ, ಹಳೆಯ ಬಿಸ್ಕೀಟಿನ ಡಬ್ಬಿಯೊಂದಕ್ಕೆ ಹಾಕಿಡುತ್ತಿದ್ದರು. ವಾರವಿಡೀ ಅಡುಗೆಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇರುತ್ತಿದ್ದ ಆ ಡಬ್ಬಿ ರವಿವಾರ ಮಧ್ಯಾಹ್ನ ಊಟವಾದೊಡನೆ ಪಡಸಾಲೆಯ ಚಾಪೆಗೆ ಬರುತ್ತಿತ್ತು. ಬಂದ ಕ್ಷಣದಿಂದ ಒಂದೊಂದು ಬೀಜವೂ ನಾಲ್ಕಾಣೆಯಾಗುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಕಾಕಾ ಮಿಲಿಟರಿಯ ಲೆಕ್ಕಪತ್ರ ಬರೆದು ನಿವೃತ್ತರಾದವರು. ಕೈತುಂಬ ಪಿಂಚಣಿ ತಂದರೋ ಇಲ್ಲವೋ, ಸಾಹೇಬರು ಆಡುತ್ತಿದ್ದ ಪೋಕರ್ ಎಂಬ ಐದೆಲೆಯ ಆಟವನ್ನಂತೂ ಮನೆಗೆ ತಂದಿದ್ದರು. ಅದನ್ನು ಕಲಿತವರು ಧಾರವಾಡದ ಕಡೆಯಿಂದ ಬಂದ ನಾವು ಎಂಟು ಜನ ಗುಮಾಸ್ತರು. ಚಾಪೆಯ ಮೇಲೆ ಕೂರುವ ಮೊದಲು ಬೀಜ ಕೊಳ್ಳಬೇಕು, ಮುಗಿದ ಮೇಲೆ ಮತ್ತೆ ಕೊಳ್ಳುವಂತಿಲ್ಲ, ಸೋತವನು ನಗುತ್ತ ಏಳಬೇಕು. ಇಷ್ಟೇ ಅಲ್ಲಿಯ ಕಾನೂನು. ಆದರೆ ಎಷ್ಟರ ಬೀಜ ಎಂದು ಹೇಳುವ ಮುಂಚೆ ಪ್ರತಿಯೊಬ್ಬನೂ ಪ್ರತಿ ವಾರ ಕಾಕಾರ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು.

“ಎಷ್ಟು ಹೋದ್ರ ನಕ್ಕೋತ ಮನೀಗೆ ಹೋಗ್ತೀಪಾ? ಅಷ್ಟರದ್ದ ತಗೋ.”

ನೀವು ಇದನ್ನು ಸುಲಭದ ಪ್ರಶ್ನೆ ಎಂದುಕೊಂಡರೆ ನಾನು ಅಡ್ಡಿಪಡಿಸಲಾರೆ, ನಾನೂ ಹಾಗೆಯೇ ಅಂದುಕೊಂಡಿದ್ದೆ. ಎರಡು ರೂಪಾಯಿಯ ಬೀಜ ಕೊಂಡವನು ಎಲೆ ಎತ್ತುವ ಮೊದಲೇ ಹೆದರಿರುತ್ತಾನೆ. ಎಂಟು ಬೀಜವನ್ನು ಮಗ್ಗುಲಲ್ಲಿಟ್ಟುಕೊಂಡು, ಕೈಗೆ ಬಂದ ಒಳ್ಳೆಯ ಎಲೆಗಳನ್ನೂ ಬಿಸಾಕಿ ಕೂರುತ್ತಾನೆ. ಹತ್ತರ ಬೀಜ ಕೊಂಡವನಿಗೆ ಎದೆ ಒಂದಿಷ್ಟು ಉಬ್ಬಿ, ಇಲ್ಲದ ರಾಣಿಯರೆಲ್ಲ ತನ್ನ ಕೈಯಲ್ಲಿ ಇದ್ದಂತೆ ತೋರುತ್ತದೆ. ನಾವು ಬಹುಮಟ್ಟಿಗೆ ಐದಕ್ಕೆ ನಿಲ್ಲುತ್ತಿದ್ದೆವು. ಐದು ರೂಪಾಯಿ ಹೋದರೆ ಎರಡು ದಿನ ಹೋಟೆಲಿನ ಬದಲು ರೂಮಿನಲ್ಲಿ ಚುರುಮುರಿ ತಿನ್ನಬೇಕಾಗುತ್ತಿತ್ತು, ಅಷ್ಟೇ.

ಆ ವರ್ಷ ನನ್ನ ಹೆಂಡತಿ ಧಾರವಾಡದ ತವರಿನಲ್ಲಿ ಹೆತ್ತಿದ್ದಳು. ಮಗಳಿಗೆ ನಾಲ್ಕು ತಿಂಗಳು ತುಂಬಿದ್ದರೂ ನಾನು ಅವಳನ್ನು ನೋಡಿದ್ದು ಒಂದೇ ಸಲ. ಅವರಿಬ್ಬರನ್ನೂ ಕರೆತರಲು ಪುಣೆಯ ಯೆರವಡಾದಲ್ಲಿ ಬಾಡಿಗೆಗೆ ಒಂದು ಖೋಲಿ, ಅಂದರೆ ಒಂಟಿ ಕೋಣೆ, ಗೊತ್ತಾಗಿತ್ತು. ಮಾಲಕನಿಗೆ ಶುಕ್ರವಾರದೊಳಗೆ ಮುನ್ನೂರು ರೂಪಾಯಿ ಡಿಪಾಜಿಟ್ ಕೊಡಬೇಕು, ಇಲ್ಲದಿದ್ದರೆ ಬೇರೆಯವರ ಪಾಲು. ನನ್ನಲ್ಲಿ ಇದ್ದದ್ದು ಇನ್ನೂರ ಅರವತ್ತು. ಆ ನಲವತ್ತನ್ನು ಯಾರನ್ನಾದರೂ ಬಾಯಿ ಬಿಟ್ಟು ಕೇಳಿದ್ದರೆ ಸಿಗುತ್ತಿತ್ತು. ಆದರೆ ಕೇಳುವುದೆಂದರೆ ನನಗೆ ಮೈಯೆಲ್ಲ ಮುಳ್ಳು. ಗೆಲ್ಲುವುದು ಮರ್ಯಾದೆಯ ದಾರಿ ಎನ್ನಿಸಿತು. ಐದರ ಬೀಜ ಹಿಡಿದವರ ನಡುವೆ ಐವತ್ತರ ಗುಡ್ಡೆ ಹಾಕಿಕೊಂಡು ಕೂತರೆ ಎಲ್ಲರೂ ಹೆದರಿ ಎಲೆ ಬಿಡುತ್ತಾರೆ ಎಂದು ರಾತ್ರಿಯಿಡೀ ಲೆಕ್ಕ ಹಾಕಿದ್ದೆ.

ರವಿವಾರ ಐವತ್ತರ ಬೀಜ ಕೇಳಿದೆ. ಕಾಕಾ ಎಂದಿನ ಪ್ರಶ್ನೆಯನ್ನೇ ಕೇಳಿದರು. ನಕ್ಕೋತ ಹೋಗ್ತೇನ್ರಿ ಎಂದು ಸುಳ್ಳು ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತ ಇನ್ನೂರು ಬೀಜ ಎಣಿಸಿಕೊಟ್ಟರು. ಆಮೇಲೆ ಎಂದೂ ಐದು ದಾಟದ ಆ ಮನುಷ್ಯ ತಮ್ಮ ಕಿಸೆಯಿಂದಲೂ ಐವತ್ತು ತೆಗೆದು ಡಬ್ಬಿಯಲ್ಲಿಟ್ಟು ಅಷ್ಟೇ ಬೀಜ ತಮ್ಮೆದುರು ಸುರಿದುಕೊಂಡರು.

ನನಗೆ ಬಂದದ್ದು ಕೆಟ್ಟ ಎಲೆಗಳಲ್ಲ, ಅದೇ ತಮಾಷೆ. ಮೂರನೆಯ ಆಟಕ್ಕೇ ಮೂರು ರಾಜರು ಬಂದರು. ಗುಡ್ಡೆಯನ್ನು ಪೂರ್ತಿ ಮುಂದಕ್ಕೆ ದೂಡಿದೆ. ಉಳಿದವರು ಎಲೆ ಬಿಟ್ಟರು, ಕಾಕಾ ಬಿಡಲಿಲ್ಲ. ಅವರ ಕೈಯಲ್ಲಿ ಐದೂ ಆಟೀನು. ಒಂದೇ ಜಾತಿಯ ಐದು ಎಲೆಯೆದುರು ಮೂರು ರಾಜರು ಏನೂ ಅಲ್ಲ. ನಗುತ್ತ ಏಳಬೇಕಲ್ಲ, ಎದ್ದೆ; ಹಲ್ಲು ಕಂಡವು, ನಗು ಬರಲಿಲ್ಲ. ಚಪ್ಪಲಿ ಮೆಟ್ಟುವಾಗ ಕಾಕೂ ಬಾಗಿಲಿಗೆ ಬಂದು ಏನಾತೋ ಎಂದು ಕೇಳಿದ್ದೇ ಸಾಕಾಯಿತು, ಖೋಲಿ, ಮಗಳು, ಡಿಪಾಜಿಟ್ ಎಲ್ಲವನ್ನೂ ಅವರೆದುರು ಅತ್ತು ಹೇಳಿಬಿಟ್ಟೆ.

ಮರುದಿನ ಸಂಜೆ ಕಾಕಾ ನನ್ನ ಕಚೇರಿಯ ಗೇಟಿನಲ್ಲಿ ನಿಂತಿದ್ದರು. ಕಾಲಲ್ಲಿ ಹೊಚ್ಚ ಹೊಸ ಕೊಲ್ಹಾಪುರಿ ಚಪ್ಪಲಿ. ನೋಡು, ನಿನ್ನ ರೊಕ್ಕದ್ದು ಎಂದು ನಾಚಿಕೆಯಿಲ್ಲದೆ ಕಾಲು ಮುಂದೆ ಮಾಡಿ ತೋರಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಅವರು ಅದನ್ನು ಲೆಕ್ಕಿಸದೆ ನನ್ನನ್ನು ಯೆರವಡಾಕ್ಕೆ ಕರೆದೊಯ್ದು, ಖೋಲಿಯ ಮಾಲಕನೆದುರು ಮರಾಠಿಯಲ್ಲಿ, ಇವ ನಮ್ಮ ಮನೆಯ ಹುಡುಗ, ಈಗ ಇನ್ನೂರ ಹತ್ತು ಇಸಿದುಕೊಳ್ಳಿ, ಉಳಿದದ್ದನ್ನು ಮೂರು ತಿಂಗಳಲ್ಲಿ ಕೊಡುತ್ತಾನೆ, ಕೊಡದಿದ್ದರೆ ನನ್ನ ಬಾಗಿಲಿಗೆ ಬನ್ನಿ ಎಂದು ಹೇಳಿ ಒಪ್ಪಿಸಿದರು. ಕೇಳಲು ನನಗಿದ್ದ ಸಂಕೋಚವನ್ನು ನನ್ನ ಪರವಾಗಿ ಅವರು ನುಂಗಿದ್ದರು. ಹಿಂತಿರುಗುವಾಗ ತಡೆಯಲಾರದೆ, ಆ ಐವತ್ತನ್ನು ನನಗೇ ಕೊಟ್ಟಿದ್ದರೆ ಇಷ್ಟು ತಿರುಗಾಟ ಯಾಕೆ ಬೇಕಿತ್ತು ಎಂದೆ.

“ಕೊಟ್ಟಿದ್ರ ಮುಂದಿನ ಐತವಾರ ನೂರರ ಬೀಜ ಕೇಳ್ತಿದ್ದಿ,” ಎಂದರು ಕಾಕಾ. “ಹೆಂಡ್ತಿ ಮಕ್ಕಳ ರೊಕ್ಕ ಚಾಪಿ ಮ್ಯಾಲ ತರಬಾರದಪಾ.”

ಆಮೇಲಿನ ವರ್ಷಗಳಲ್ಲಿ ನಾನು ಬೇರೆ ಬೇರೆ ಚಾಪೆಗಳ ಮೇಲೆ ಕೂತಿದ್ದೇನೆ. ಕಚೇರಿಯ ಜಗಳಕ್ಕೆ, ಪಾಲುದಾರಿಕೆಗೆ, ಚುನಾವಣೆಯ ವಾದಕ್ಕೆ ಇಳಿಯುವ ಮೊದಲು, ಇದರಲ್ಲಿ ಎಷ್ಟು ಹೋದರೆ ನಡೆದೀತು ಎಂದು ನನ್ನನ್ನೇ ಕೇಳಿಕೊಳ್ಳುವ ಚಾಳಿ ಅಂಟಿಕೊಂಡಿದೆ. ಅದರಿಂದ ನಾನು ದೊಡ್ಡ ಸಾಹುಕಾರನಾಗಲಿಲ್ಲ, ಆದರೆ ನಿದ್ದೆಗೆಟ್ಟವನೂ ಆಗಲಿಲ್ಲ. ಇದು ಕಾಕಾರ ಋಣ, ತೀರಿಸಲು ಅವರೀಗ ಇಲ್ಲ.

ಬಾಕಿ ತೊಂಬತ್ತನ್ನು ತಿಂಗಳಿಗೆ ಮೂವತ್ತರಂತೆ ನಾನೇ ಕಟ್ಟಿದೆ. ಅದಕ್ಕೂ ಮೊದಲೇ, ಹದಿನೈದು ದಿನದಲ್ಲಿ, ಧಾರವಾಡದ ಬಸ್ಸು ಪುಣೆಯ ಅಂಚಿನ ಕಾತ್ರಜದಲ್ಲಿ ನಿಂತಿತು. ಬಾಗಿಲಲ್ಲಿ ಹೆಂಡತಿ, ಅವಳ ಹೆಗಲ ಮೇಲೆ ಟೊಪ್ಪಿಗೆ ಹಾಕಿಕೊಂಡ ಮಗಳು. ನಾನು ಟ್ರಂಕು ಇಳಿಸಿಕೊಳ್ಳಲು ಬಸ್ಸಿನ ಹಿಂದಕ್ಕೆ ಹೋಗಿ ಬರುವಷ್ಟರಲ್ಲಿ, ನನ್ನ ಐವತ್ತು ರೂಪಾಯಿಯ ಚಪ್ಪಲಿ ಚರಚರ ಅನ್ನಿಸುತ್ತ ಓಡಿ ಹೋಗಿ, ಕಾಕಾ ನನ್ನ ಮಗಳನ್ನು ಎತ್ತಿಕೊಂಡಿದ್ದರು.