ಬಾತುಗಳಿಗೆ ಕೊಟ್ಟ ಮೇಕೆ

ಹೋಳೂರಿನ ಹತ್ತಿರ ಹೊಂಗೆ ತೋಪಿನ ನಡುವೆ ಇದ್ದ ಕೆರೆಯನ್ನು ನಾನು ಕೊಂಡಿದ್ದು ಒಂದು ಜೊತೆ ಎತ್ತು ಕೊಟ್ಟು. ಯುದ್ಧದ ಕಾಲ, ದುಡ್ಡಿಗಿಂತ ದನಕ್ಕೇ ಬೆಲೆ. ಅದರ ಮೇಲೊಂದು ಗಬ್ಬದ ಮೇಕೆಯನ್ನೂ ಕೊಟ್ಟೆ. ಅದು ನೀರಿನ ಮೇಲೆ ತೇಲುತ್ತಿದ್ದ ಬಾತುಗಳಿಗಾಗಿ. ಮಾರಿದ ಯಜಮಾನರು ಚಳಿಗಾಲದಲ್ಲಿ ಕೆರೆ ತೋರಿಸಿ, ಬಾತುಗಳಿಗೆ ಬೇರೆಯಾಗಿ ಎರಡು ಮೇಕೆ ಕೇಳಿದ್ದರು. ಒಂದಕ್ಕೆ ಇಳಿಸಿದೆನೆಂದು ನಾನು ಬೀಗಿದೆ.

ಯುಗಾದಿಯ ಹೊತ್ತಿಗೆ ಒಂದು ಬಾತೂ ಇಲ್ಲ. ಕೆಸರಿನಲ್ಲಿ ಒಂಟಿ ಕೊಕ್ಕರೆ ನಿಂತು ನನ್ನನ್ನೇ ನೋಡುತ್ತಿತ್ತು. ಓಡಿಹೋಗಿ ಮೇಕೆ ವಾಪಸ್ ಕೇಳಿದೆ.

“ತವರಿಗೆ ಹೋಗವೆ ಕಣಪ್ಪ, ಬಂದೇ ಬರ್ತವೆ,” ಎಂದರು ಯಜಮಾನರು.

ಮಳೆ ಬಂತು, ಗೀಜಗಗಳು ಗೂಡು ಕಟ್ಟಿದವು. ಕಾರ್ತಿಕ ಕಳೆದ ಮೇಲೆ ಬಾತುಗಳೂ ಬಂದವು, ಹಿಂದಿನದರ ಎರಡರಷ್ಟು! ಅವುಗಳ ಹಿಂದೆಯೇ ಯಜಮಾನರೂ ಬಂದರು.

“ನಾನು ಮಾರಿದ್ದು ಇದ್ರಲ್ಲಿ ಅರ್ಧ. ಹೆಚ್ಚಿಗೆ ಬಂದಿರೋವು ನಂದು.”

“ಹಿಡ್ಕೊಂಡ್ ಹೋಗಿ ಅಣ್ಣಾ. ನಾನು ಕೊಟ್ಟಿದ್ದೂ ಒಂದೇ ಮೇಕೆ. ಹೆಚ್ಚಿಗೆ ಹುಟ್ಟಿರೋ ಎರಡು ಮರೀನ ನಾನು ಹಿಡ್ಕೊಂಡ್ ಬರ್ತೀನಿ.”

ಒಪ್ಪಿಕೊಂಡು ಅವರು ಸೊಂಟದುದ್ದ ನೀರಿಗಿಳಿದರು. ಬಾತುಗಳೆಲ್ಲ ಒಟ್ಟಿಗೆ ಹಾರಿದವು. ಮೇಕೆಮರಿಗಳಿಗೆ ರೆಕ್ಕೆ ಇರಲಿಲ್ಲ.

ನೀವೂ ಕೆರೆ ಕೊಳ್ಳುವುದಾದರೆ ಬೇಸಿಗೆಯಲ್ಲಿ ಹೋಗಿ ನೋಡಿ. ಹಾರುವ ಸರಕಿಗೆ ಬೆಲೆ ಕೊಡಬೇಡಿ. ಕೊಡಲೇಬೇಕಾದರೆ ಗಬ್ಬದ ಮೇಕೆಯನ್ನೇ ಕೊಡಿ.