ಮುತ್ಯಾ ಕಾಲಯಂತ್ರ ಹತ್ತಿದ್ದು

ತೊಂಬತ್ತರ ದಶಕದ ನಡುವಿನ ಮಾತು. ಕಲಬುರಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆ, ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಪಾಠ, ಉಳಿದ ಹೊತ್ತೆಲ್ಲ ಕಾಲಯಾನದ ಕಥೆ ಬರೆಯುವುದು. ಓದಿದವರು ತಲೆ ಸುತ್ತುತ್ತದೆ ಎಂದರೆ ನನಗೆ ಹಿಗ್ಗು, ಅರ್ಥವಾಯಿತು ಎಂದರೆ ಸಿಟ್ಟು. ಆಗ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲಿಂದ ಹೆಚ್ಚು ದೂರ ಹೋಗಿಲ್ಲ.

ನಾನು ಬರೆದದ್ದರಲ್ಲಿ ಅತಿ ಜಾಣ ಕಥೆಯೆಂದರೆ ಒಂದು ಬಾಳೆಗಿಡದ್ದು. ಅವ್ವನ ತವರು ಕಮಲಾಪುರ. ಅಲ್ಲಿ ಅವ್ವನ ಅಪ್ಪನಿಗೆ, ಅಂದರೆ ನನ್ನ ಮುತ್ಯಾನಿಗೆ, ಕೆಂಪು ಬಾಳೆಯ ತೋಟವಿತ್ತು. ಬಾಳೆಗೆ ಬೀಜ ಬಿತ್ತುವುದಿಲ್ಲ. ತಾಯಿಗಿಡದ ಬುಡದಲ್ಲಿ ಎದ್ದ ಮರಿಯನ್ನು ಅಗೆದು ಇನ್ನೊಂದು ಕಡೆ ನೆಡುತ್ತಾರೆ. ನನ್ನ ಕಥಾನಾಯಕ ತನ್ನ ಮುತ್ಯಾನ ತೋಟದ ಒಂದು ಮರಿಯನ್ನು ಎತ್ತಿಕೊಂಡು ಕಾಲಯಂತ್ರ ಹತ್ತಿ, ಐವತ್ತು ವರ್ಷ ಹಿಂದಕ್ಕೆ ಹೋಗಿ, ಹರೆಯದ ಮುತ್ಯಾನ ಕೈಗೆ ಅದನ್ನು ಕೊಟ್ಟು ಬರುತ್ತಾನೆ. ಆ ಮರಿಯಿಂದಲೇ ತೋಟ, ಆ ತೋಟದಿಂದಲೇ ಆ ಮರಿ. ಹಾಗಾದರೆ ಮೊದಲ ಗಿಡ ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ! ಬರೆದು ಮುಗಿಸಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕಥೆ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಒಯ್ದೆ. ಮುತ್ಯಾನ ಕಣ್ಣು ಮಂಜಾಗಿತ್ತು, ಹಾಗಾಗಿ ಅವ್ವನ ಅಣ್ಣ, ನನ್ನ ಮಾಮಾ, ಅಂಗಳದಲ್ಲಿ ಕೂತು ಗಟ್ಟಿಯಾಗಿ ಓದಿದ. ಗೊನೆ ಕೊಳ್ಳಲು ಕಲಬುರಗಿಯ ಮೋಮಿನಪುರದಿಂದ ಬಂದಿದ್ದ ಹಣ್ಣಿನ ವ್ಯಾಪಾರಿ ಭಾಯಿಯೂ ಕೆಲಸ ಬಿಟ್ಟು ಬಂದು ಕೂತ. ಓದು ಮುಗಿದಾಗ ಯಾರೂ ಉಸಿರೆತ್ತಲಿಲ್ಲ. ಎಲ್ಲರ ತಲೆಯೂ ಸುತ್ತಿದೆ ಎಂದು ನಾನು ಒಳಗೊಳಗೇ ಕುಣಿದೆ.

"ಯಾವ ಖೋಡಿ ತಂದು ಕೊಟ್ಟಾನ?" ಎಂದ ಮುತ್ಯಾ. "ಆ ಗಿಡ ನಾ ತಂದೀನಿ. ಹೆಗಲ ಮ್ಯಾಲ ಹೊತಗೊಂಡು, ಕಾಲಾಗ ಮುಳ್ಳು ಚುಚ್ಚಿಸ್ಕೊಂಡು ನಡ್ಕೋತ ಬಂದೀನಿ. ಇಂವ ಮಶಿನ್ಯಾಗ ಬಂದು ಕೊಟ್ಟಾನಂತ!"

"ಅದು ಬರೇ ಕಥಿ, ಮುತ್ಯಾ."

"ಕಥ್ಯಾಗ ನನ್ನ ಹೊಲ ಅದ, ನನ್ನ ಬಾವಿ ಅದ, ನನ್ನ ಗಿಡ ಅದ. ನಾ ಮಾಡಿದ್ದು ಒಂದ ಇಲ್ಲ."

ಭಾಯಿಯ ಚಿಂತೆಯೇ ಬೇರೆ. "ಅರೆ ಮೇಡಂ, ಅಂಥಾ ಮಶಿನ್ ಸಿಕ್ಕಾಗ ಒಂದು ಗಿಡ ಹಿಂದಕ್ಕ ಒಯ್ದಾನಲ್ರೀ, ಎಂಥಾ ಬೇವಕೂಫ! ಮುಂದಿನ ವಾರದ ಹಣ್ಣು ಇವತ್ತ ತಂದಿದ್ರ ಕಾಯಿ ಹುಲ್ಲಾಗ ಮುಚ್ಚಿಟ್ಟು ಮಾಗಸೋ ತ್ರಾಸರ ತಪ್ತಿತ್ತು."

"ನಮ್ಮ ಹೊಲದ ದಾರ್ಯಾಗ ಚಕ್ಕಡೀನೇ ಸಿಗಬೀಳ್ತದ, ಆ ಮಶಿನ್ ಹ್ಯಾಂಗ ಬಂತು?" ಎಂದ ಮಾಮಾ.

"ಅದು ರಸ್ತಾದ ಮ್ಯಾಲ ಬರಂಗಿಲ್ಲ ಮಾಮಾ!"

"ಹ್ಯಾಂಗರೆ ಬರಲಿ, ನಿಲ್ಲೋದು ಹೊಲದಾಗ ಹೌದಿಲ್ಲೊ? ಬೆಳಿ ಹಾಳಾಗ್ತದ."

ನಾನು ಕಲಬುರಗಿಗೆ ಹೊರಟಾಗಲೆಲ್ಲ ಚೀಲಕ್ಕೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಾಕುವುದು ಮುತ್ಯಾನ ರೂಢಿ. ಅಂದು ಹಾಕಲಿಲ್ಲ. "ಯಾರೂ ತಂದಿಲ್ಲದ ಗಿಡದ ಹಣ್ಣು ಹ್ಯಾಂಗ ಕೊಡ್ಲಿ? ಕಥಿ ತಿದ್ದಕೊಂಡು ಬಾ" ಎಂದು ಮುಖ ತಿರುಗಿಸಿದ. ನಾನು ಹಲ್ಲು ಕಡಿಯುತ್ತ ಖಾಲಿ ಚೀಲ ಹಿಡಿದು ಬಸ್ಸು ಹತ್ತಿದೆ. ನನಗಿಂತ ದೊಡ್ಡ ಹಟಮಾರಿ ನಮ್ಮ ಮನೆತನದಲ್ಲಿ ಅವನೊಬ್ಬನೇ.

ಮುಂದಿನ ಭಾನುವಾರ ತಿದ್ದಿದ್ದನ್ನು ಒಯ್ದೆ. ಈಗ ಗಿಡ ತರುವುದು ಮುತ್ಯಾನೇ. ನಾಯಕ ಸುಮ್ಮನೆ ನೋಡಿ, ನೀರು ಕುಡಿದು ಬರುತ್ತಾನೆ. ಕಥೆಯ ಕತ್ತು ಹಿಸುಕಿದ್ದಾಯಿತು ಎಂದು ಉರಿದುಕೊಳ್ಳುತ್ತಲೇ ಓದಿದೆ. ಗಿಡದ ಭಾಗಕ್ಕೆ ಮುತ್ಯಾ ತಲೆಯಾಡಿಸಿದ. ಕೊನೆಗೆ ಬಂದಾಗ ಕೈ ಎತ್ತಿ ತಡೆದ.

"ನೀರು ಕುಡದದ್ದು ಇನ್ನೊಮ್ಮಿ ಓದು."

"'ಮನೆಯ ಮುಂದೆ ಒಬ್ಬ ಹೆಂಗಸು ನೀರು ಕೊಟ್ಟಳು. ಕುಡಿದು ಹೊರಟ.'"

"ಅಕಿ ಯಾರು?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಐವತ್ತು ವರ್ಷದ ಹಿಂದೆ ಆ ಬಾಗಿಲಲ್ಲಿ ನೀರು ಕೊಡುವ ಹೆಂಗಸೆಂದರೆ ಆಯಿ, ಮುತ್ಯಾನ ಹೆಂಡತಿ. ಅವ್ವ ಇನ್ನೂ ತೊಟ್ಟಿಲಲ್ಲಿದ್ದಾಗ ತೀರಿಕೊಂಡವಳು. ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇರಲಿಲ್ಲ.

"ಆಯಿ ಇರಬೇಕು" ಎಂದೆ.

"ಇರಬೇಕು ಅಂತಾಳ! ಅಷ್ಟ ದೂರ ಹೋಗ್ಯಾನ, ಅಕಿನ್ನ ಕಣ್ಣಾರೆ ನೋಡ್ಯಾನ, ಒಂದ ಮಾತ ಆಡಿಲ್ಲ. ನೀರ ಕುಡದು ಬಂದಾನ! ಎಂಥಾ ಹುಡುಗನೋ ಏನೋ!" ಮುತ್ಯಾ ನನ್ನ ಕೈಯಲ್ಲಿದ್ದ ಹಾಳೆಯ ಮೇಲೆ ಬೆರಳಿಟ್ಟ. "ಅವನ್ನ ಇಳಸು. ನನ್ನ ಕೂಡಸು."

ಅಂದಿನಿಂದ ನಾನು ಹೋದಾಗಲೆಲ್ಲ ಮುತ್ಯಾ ನನ್ನ ತಲೆ ತಿನ್ನತೊಡಗಿದ. ಯಂತ್ರದಲ್ಲಿ ಕಂಬಳಿ ಹೊದ್ದು ಕೂಡಬಹುದೇ? ಎಲೆ ಅಡಿಕೆ ಚೀಲ ಒಯ್ಯಬಹುದೇ? "ಅಪ್ಪಾ, ಒಗದ ಧೋತರ ಉಟಗೊಂಡು ಹೋಗು" ಎಂದು ಮಾಮಾ ಒಳಗಿನಿಂದ ಕೂಗಿದ. ಭಾಯಿ ಗೊನೆ ಎತ್ತುತ್ತಲೇ ಬುದ್ಧಿ ಹೇಳಿದ: "ಹೋಗ್ತೀರಿ ಖರೆ ಮುತ್ಯಾ, ವಾಪಸ್ ಬರೋದು ಪಕ್ಕಾ ಮಾಡ್ಕೋರಿ."

"ವಾಪಸ್ ಯಾರು ಬರ್ತಾರ?" ಎಂದ ಮುತ್ಯಾ.

ನಾನು ರೇಗಿದೆ. "ಆಗಂಗಿಲ್ಲ ಮುತ್ಯಾ! ಅಲ್ಲಿ ಹರೇದ ಮುತ್ಯಾ ಇರ್ತಾನ. ನೀ ಅವಗ ಎದುರಾದಿ ಅಂದ್ರ ಎಲ್ಲಾ ಹದಗೆಡ್ತದ. ನೀನೂ ಇರಂಗಿಲ್ಲ, ಅವ್ವಾನೂ ಇರಂಗಿಲ್ಲ, ನಾನೂ ಇರಂಗಿಲ್ಲ. ಇದು ಕಾಲಯಾನದ ಕಾಯ್ದೆ!"

ಮುತ್ಯಾ ತೋಟದ ಕಡೆ ಕೈ ಮಾಡಿದ.

"ಅಂವ ಎದುರಾಗಂಗಿಲ್ಲ" ಎಂದ. "ಅಂವ ಬಾಳಿ ಗಿಡದ ಬುಡಕ್ಕ ಇರ್ತಾನ. ಮುಂಜಾನಿ ಹೊಂಟ್ರ ಕತ್ತಲಾದ ಮ್ಯಾಲ ಬರ್ತಾನ, ಒಂದಿನಾನೂ ಲಗೂ ಬರಂಗಿಲ್ಲ. ಅಂವ ಎಂದೂ ಮನ್ಯಾಗ ಇದ್ದಿದ್ದಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಭಾಯಿ ಹೆಗಲ ಮೇಲಿನ ಗೊನೆಯನ್ನು ಕೆಳಗಿಳಿಸಿದ.

ಮೂರನೆಯ ಸಲ ಬರೆದೆ. ಮುದುಕ ಮಟಮಟ ಮಧ್ಯಾಹ್ನ ಬಂದಿಳಿಯುತ್ತಾನೆ. ಹರೆಯದವನು ತೋಟದಲ್ಲಿ ಮರಿ ನೆಡುತ್ತಿದ್ದಾನೆ. ಮುದುಕ ಆ ಕಡೆ ತಿರುಗಿಯೂ ನೋಡದೆ ಮನೆಯ ಬಾಗಿಲಿಗೆ ಹೋಗಿ ನೀರು ಕೇಳುತ್ತಾನೆ. ಮಾಸಪತ್ರಿಕೆಯ ಸಂಪಾದಕರು ಅದನ್ನು ವಾಪಸ್ ಕಳಿಸಿದರು. ಇಬ್ಬರೂ ಭೇಟಿಯೇ ಆಗುವುದಿಲ್ಲವಲ್ಲ, ಇದರಲ್ಲಿ ತಲೆ ಸುತ್ತುವಂಥದ್ದೇನಿದೆ ಎಂದು ಕೇಳಿದ್ದರು. ಅವರಿಗೆ ಏನು ಹೇಳುವುದು, ಕರ್ಮ!

ಕಮಲಾಪುರಕ್ಕೆ ಒಯ್ದು ನಾನೇ ಓದಿದೆ. ಮುತ್ಯಾ ಕಣ್ಣು ಮುಚ್ಚಿ ಕೇಳಿದ.

"ನೀರು ಕೊಟ್ಟು ಏನಂದ್ಲು?"

"ಅದು ಬರದಿಲ್ಲ ಮುತ್ಯಾ. ಅಕಿ ಹ್ಯಾಂಗ ಮಾತಾಡ್ತಿದ್ಲೋ ನನಗೇನು ಗೊತ್ತು? ನಿನ್ನ ಹಲ್ಲಿಲ್ಲದ ಮಾರಿ ನೋಡಿ ಗುರ್ತರ ಹಿಡೀತಾಳ?"

"ಹಿಡೀತಾಳ."

ಮುತ್ಯಾ ಎದ್ದು ಒಳಗೆ ಹೋಗಿ, ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ನನ್ನ ಚೀಲಕ್ಕೆ ಹಾಕಿದ.

"ಬರಕೋ" ಎಂದ. "'ಏನ್ರೀ, ಇವತ್ತ ಇಷ್ಟ ಲಗೂ ಬಂದ್ರಿ?' ಅಂತಾಳ."