ಬೀಗ ಹಾಕಿದ ಮನೆ ಬಿಟ್ಟು ಪಕ್ಕದ ಮನೆ

ಕೆಲವು ವರ್ಷಗಳ ಹಿಂದೆ ನಾನು ಲಿಂಗಸುಗೂರಿನಲ್ಲಿ ಒಂದು ದತ್ತಿ ಸಂಸ್ಥೆಯ ಸಮೀಕ್ಷಾ ಮುಖ್ಯಸ್ಥೆಯಾಗಿದ್ದೆ. ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದ ಗರ್ವ ಬೇರೆ ತಲೆಗೇರಿತ್ತು. ತಂದೆತಾಯಿ ಕೂಲಿಗೆ ಊರು ಬಿಟ್ಟಾಗ ಶಾಲೆ ತಪ್ಪಿಹೋಗುವ ಹೆಣ್ಣುಮಕ್ಕಳಿಗಾಗಿ ಸಂಸ್ಥೆ ಒಂದು ಹಾಸ್ಟೆಲ್ ಕಟ್ಟಿಸುವುದಿತ್ತು. ಒಂದೇ ಒಂದು. ಸಿಂಧನೂರಿನಲ್ಲೋ, ಮಸ್ಕಿಯಲ್ಲೋ, ಗುರುಗುಂಟಾದಲ್ಲೋ ಎಂಬುದನ್ನು ನನ್ನ ವರದಿ ಹೇಳಬೇಕಿತ್ತು. ವಶೀಲಿ ನಡೆಯಬಾರದು, ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಗೇ ಕೊಡಬೇಕು ಎಂದು ವಾದಿಸಿ ಸಮೀಕ್ಷೆಗೆ ಒಪ್ಪಿಸಿದವಳೂ ನಾನೇ.

ಆಗಸ್ಟ್‌ನಲ್ಲಿ ಗುರುಗುಂಟಾಕ್ಕೆ ಹೋದೆವು. ಸಮೀಕ್ಷೆಯಲ್ಲಿ ಎಲ್ಲರನ್ನೂ ಕೇಳಲಾಗುವುದಿಲ್ಲ. ಚೀಟಿ ಎತ್ತಿದಂತೆ ಪಟ್ಟಿಯಿಂದ ಕೆಲವು ಮನೆಗಳನ್ನು ಆರಿಸುತ್ತೇವೆ. ಅದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಆರಿಸಿದ ಮನೆಗೆ ಬೀಗವಿದ್ದರೆ ಪಕ್ಕದ ಮನೆ ಹಿಡಿಯಿರಿ ಎಂದು ನಿಯಮ ಮಾಡಿದ್ದೆ. ಒಂದು ಓಣಿಯಲ್ಲಂತೂ ಸಾಲುಸಾಲು ಬೀಗ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯೊಬ್ಬಳು, "ಎಲ್ಲಾರೂ ಜವಳಗೇರಾ ಕಡಿ ಭತ್ತದ ನಾಟಿಗೆ ಹೋಗ್ಯಾರ್ರೀ. ಹುಡುಗ್ಯಾರ್ನೂ ಕರ್ಕೊಂಡು ಹೋಗ್ಯಾರ. ತಿಂಗಳ ಬಿಟ್ಟು ಬರ್ರಿ," ಎಂದಳು.

"ಅಷ್ಟು ಪುರುಸೊತ್ತಿಲ್ಲಮ್ಮಾ," ಎಂದು ಮುಂದೆ ನಡೆದೆ. ಮುದುಕಿ ಇಡೀ ಉತ್ತರವನ್ನೇ ಹೇಳಿದ್ದಳು. ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ.

ಬಾಗಿಲು ತೆರೆದಿದ್ದ ಮನೆಗಳಲ್ಲಿ ಸಂಬಳದವರು, ಹೊಲವುಳ್ಳವರು ಸಿಕ್ಕರು. ಮಗಳು ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ, ಹಾಸ್ಟೆಲ್ ಯಾಕೆ ಎಂದರು. ಗುರುಗುಂಟಾದಲ್ಲಿ ಬೇಡಿಕೆ ಕಡಿಮೆ ಎಂದು ಬರೆದೆ. ಚಂದದ ಗ್ರಾಫ್ ಕೂಡ ಹಾಕಿದೆ. ಹಾಸ್ಟೆಲ್ ಸಿಂಧನೂರಿನ ಪಾಲಾಯಿತು.

ಎರಡು ವರ್ಷದ ನಂತರ, ಅದೇ ನಾಟಿ ಕಾಲದಲ್ಲಿ, ಬೇರೆ ಕೆಲಸಕ್ಕೆಂದು ಜವಳಗೇರಾಕ್ಕೆ ಹೋಗಿದ್ದೆ. ಬದುವಿನ ಮೇಲೆ ಊಟಕ್ಕೆ ಕುಳಿತ ಗುರುಗುಂಟಾದ ಹೆಂಗಸರು ಸಿಕ್ಕರು. ಅವರಲ್ಲಿ ಹನುಮವ್ವ ಎಂಬಾಕೆಯ ಪಕ್ಕ ಅವಳ ಮಗಳು ಮಂಜುಳಾ, ಮೊಣಕಾಲವರೆಗೂ ಕೆಸರು. ಇವಳ ಶಾಲೆ ಏನಾಯಿತು ಎಂದೆ.

"ಏಳನೇತ್ತಾ ತನಕ ಹೋಗ್ಯಾಳ್ರೀ. ನಾವು ಇಲ್ಲಿಗೆ ಬಂದ್ರ ದೊಡ್ಡಾಕಿ ಆದ ಹುಡುಗೀನ ಯಾರ ಹತ್ರ ಬಿಡೂನು? ಬಿಡಿಸೀವಿ," ಎಂದಳು ಹನುಮವ್ವ. "ನಮ್ಮೂರಿಗೆ ಹಾಸ್ಟೆಲ್ ಬರ್ತೈತಿ ಅಂದಿದ್ರು. ಆಮ್ಯಾಲ ಕೇಳಿದ್ರ, ಸರ್ವೇದಾಗ ನೀವೇ ಬ್ಯಾಡ ಅಂದೀರಿ ಅಂದ್ರು. ನಮ್ಮನ್ಯಾರು ಕೇಳ್ಯಾರ್ರೀ, ಅಕ್ಕಾರ?"

ಸರ್ವೇ ಮಾಡಿದವಳು ನಾನೇ ಎನ್ನಲು ಬಾಯಿ ಬರಲಿಲ್ಲ. ನಾಚಿಕೆಯಾಯಿತು, ಈಗಲೂ ಆಗುತ್ತದೆ. ಸಂಸ್ಥೆಗೆ ತಪ್ಪೊಪ್ಪಿಕೊಂಡು ಪತ್ರ ಬರೆದೆ. ಕಟ್ಟಡ ಎದ್ದಾಗಿದೆ, ಎರಡನೆಯದಕ್ಕೆ ಸದ್ಯ ಅವಕಾಶವಿಲ್ಲ ಎಂದು ಉತ್ತರ ಬಂತು.

ಈಗ ಯಾವ ಊರಿಗೆ ಹೋದರೂ ಜನ ಮನೆಯಲ್ಲಿರುವ ತಿಂಗಳು ಯಾವುದೆಂದು ಮೊದಲು ಕೇಳುತ್ತೇನೆ. ಇಲ್ಲವಾದರೆ ಅವರು ದುಡಿಯುವ ಗದ್ದೆಗೇ ಹೋಗುತ್ತೇನೆ. ಕೈಗೆ ಸಿಗದವರಿಗೇ ಅಗತ್ಯ ಹೆಚ್ಚಿರಬಹುದು ಎಂದು ಹೊಸಬರಿಗೆ ಹೇಳಿಕೊಡುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಇದನ್ನು ನಾನು ಎಲ್ಲಿ ಕಲಿತೆ ಎಂದು ಯಾರೂ ಕೇಳಿಲ್ಲ. ನಾನೂ ಮಂಜುಳಾಳ ಹೆಸರು ಹೇಳಿಲ್ಲ.